ನಕ್ಷತ್ರ ಸಂಖ್ಯೆ ಮೂವತ್ತೊಂದರ ಜನ್ಮದಿನಾಂಕ

2005ನೇ ಇಸವಿ ಫೆಬ್ರವರಿ ಹದಿನಾಲ್ಕನೇ ತಾರೀಖಿನಂದು ನಮ್ಮ ಸಂಶೋಧನಾ ಕೇಂದ್ರದ ಉಗ್ರಾಣದಲ್ಲಿ ನಲವತ್ತಮೂರು ನಕ್ಷತ್ರಗಳಿದ್ದವು. ಎಲ್ಲವೂ ಎಳೆಯವು. ಎಲ್ಲವೂ ಸುಸ್ಥಿತಿಯಲ್ಲಿದ್ದವು. ಈ ವಿಷಯದಲ್ಲಿ ಯಾರಿಗಾದರೂ ಅನುಮಾನವಿದ್ದರೆ ದಾಸ್ತಾನು ಪುಸ್ತಕದ ನೂರ ಹನ್ನೆರಡನೇ ಪುಟ ನೋಡಬಹುದು. ಕೆಳಗೆ ನನ್ನ ಸಹಿ ಇದೆ.

ನಾನು ರುದ್ರಸ್ವಾಮಿ, ಉಗ್ರಾಣದ ಸೂಪರಿಂಟೆಂಡೆಂಟ್. ಕೇಂದ್ರ ಇರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಹೆಸರು ಹೇಳುವುದಿಲ್ಲ, ಗ್ರಾಂಟು ಇನ್ನೂ ಬರಬೇಕು. ನನ್ನ ಕಾಲದಲ್ಲಿ ಈ ಉಗ್ರಾಣದಿಂದ ಒಂದು ಗುಂಡುಸೂಜಿಯೂ ಕಳೆದಿಲ್ಲ. 1991ರಲ್ಲಿ ಒಂದು ಕಳೆದಂತಾಗಿತ್ತು. ಆಮೇಲೆ ನನ್ನ ಅಂಗಿಯ ಕಾಲರಿನಲ್ಲೇ ಸಿಕ್ಕಿತು. ಆಗ ನನಗೆ ನಾನೇ ಕಾರಣ ಕೇಳುವ ನೋಟಿಸು ಕೊಟ್ಟುಕೊಂಡೆ, ಮೂರು ದಿನದೊಳಗೆ ಉತ್ತರ ಬರೆದೆ, ಉತ್ತರ ತೃಪ್ತಿಕರವಾಗಿದೆ ಎಂದು ಷರಾ ಹಾಕಿ ಫೈಲು ಮುಚ್ಚಿದೆ. ನಾನು ಅಂಥ ಮನುಷ್ಯ.

ನಕ್ಷತ್ರಗಳ ಸುದ್ದಿ ಮೊದಲು ತಂದವನು ನನ್ನ ಕೈಕೆಳಗಿನ ಸಿದ್ದರಾಜು. ನಾನು ನಿವೃತ್ತನಾದ ಮಾರನೇ ದಿನ ನನ್ನ ಕುರ್ಚಿ ಅವನಿಗೆ ಬರಬೇಕು. ಅದಕ್ಕಾಗಿ ದಿನಾ ಬೆಳಿಗ್ಗೆ ಬಂದವನೇ ನನ್ನ ಆರೋಗ್ಯ ವಿಚಾರಿಸುತ್ತಿದ್ದ.

"ಸಾರ್, ಭೌತಶಾಸ್ತ್ರ ವಿಭಾಗದ ಶಾಲಿನಿ ಇದಾರಲ್ಲ, ಪಿಎಚ್.ಡಿ. ಮಾಡ್ತಿರೋರು, ಅವ್ರು ಫಾರಿನ್ನಿಂದ ನಕ್ಷತ್ರ ತರಿಸ್ಕೊಂಡವ್ರಂತೆ. ನಮ್ಮಲ್ಲಿ ಎಂಟ್ರೀನೇ ಇಲ್ಲ ಕಣ್ರೀ."

ಕೂಡಲೇ ಗೇಟಿನ ಕಾವಲುಗಾರ ದೇವಯ್ಯನನ್ನು ಕರೆಸಿದೆ. "ನನ್ ಗೇಟಿಂದ ಒಂದ್ ನಕ್ಷತ್ರಾನೂ ಒಳಕ್ ಬಂದಿಲ್ಲ ಬುದ್ಧಿ, ನಮ್ಮನೆ ದೇವ್ರಾಣೆ," ಎಂದು ಅವನು ಕೈಮುಗಿದ. ಗೇಟಿನಿಂದ ಬರದ ವಸ್ತು ಕೇಂದ್ರದೊಳಗೆ ಇದೆ ಎಂದರೆ ಏನರ್ಥ? ಶಾಲಿನಿಗೆ ಬರಹೇಳಿದೆ.

ಹುಡುಗಿ ಕುಂಬಾರಕೊಪ್ಪಲಿನವಳು. ತಂದೆ ಇಲ್ಲ. ತಾಯಿ ವಸಂತಮ್ಮ ದೇವರಾಜ ಮೊಹಲ್ಲಾದಲ್ಲಿ ವೀಳ್ಯದೆಲೆ ಮಾರಿ ಓದಿಸುತ್ತಿದ್ದರು. ನಗುನಗುತ್ತಾ ಬಂದಳು.

"ಅವು ಗೇಟಿಂದ ಬರಲಿಲ್ಲ ಸರ್, ಫೋನಿನ ವೈರಿಂದ ಬಂದ್ವು. ದೊಡ್ಡ ದೊಡ್ಡ ದೂರದರ್ಶಕ ಇಟ್ಕೊಂಡಿರೋ ದೇಶದವ್ರು ತಾವು ಹಿಡಿದ ನಕ್ಷತ್ರಗಳ ಬೆಳಕನ್ನ ಇಂಟರ್‌ನೆಟ್ಟಲ್ಲಿ ಹಾಕಿರ್ತಾರೆ. ಯಾರು ಬೇಕಾದ್ರೂ ತಗೊಂಡು ಅಧ್ಯಯನ ಮಾಡಬಹುದು."

"ಯಾರು ಬೇಕಾದರೂ?"

"ಯಾರು ಬೇಕಾದ್ರೂ ಸರ್."

"ಇಂಡೆಂಟು ಇಲ್ಲದೆ?"

"ಇಲ್ಲದೆ."

ಆ ದೇಶಗಳ ಬಗ್ಗೆ ನನಗೆ ಅಯ್ಯೋ ಅನ್ನಿಸಿತು. ಆದರೆ ನಮ್ಮ ಉಗ್ರಾಣ ಕೈಪಿಡಿಯ ಹದಿನಾಲ್ಕನೇ ನಿಯಮ ಸ್ಪಷ್ಟವಾಗಿದೆ: ಹೊರಗಿನಿಂದ ಬಂದ ಯಾವುದೇ ವಸ್ತು, ಬಿಟ್ಟಿ ಬಂದಿದ್ದರೂ ಸರಿಯೆ, ದಾಸ್ತಾನಿಗೆ ಹತ್ತಬೇಕು, ಬಳಸುವವರು ಸಹಿ ಹಾಕಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು.

ಯಾವ ಪುಸ್ತಕಕ್ಕೆ ಹತ್ತಿಸುವುದು ಎಂಬ ಪ್ರಶ್ನೆ ಬಂತು. ಗಾಜಿನ ಸಾಮಾನಲ್ಲ, ರಾಸಾಯನಿಕವಲ್ಲ, ಪೀಠೋಪಕರಣವಂತೂ ಅಲ್ಲ. "ವಿಶೇಷ ಏನಮ್ಮ ಇವುಗಳದು?" ಎಂದು ಕೇಳಿದೆ.

"ಎಲ್ಲಾ ಎಳೆಯ ನಕ್ಷತ್ರಗಳು ಸರ್. ಈಗಷ್ಟೇ ಹುಟ್ಟಿದವು."

"ಈಗಷ್ಟೇ ಅಂದರೆ?"

"ಹತ್ತಿಪ್ಪತ್ತು ಲಕ್ಷ ವರ್ಷ."

ನಮ್ಮ ಉಗ್ರಾಣದಲ್ಲಿ ವಯಸ್ಸಿನ ಕಲಂ ಇರುವುದು ಒಂದೇ ಪುಸ್ತಕದಲ್ಲಿ, ಪ್ರಾಣಿಶಾಸ್ತ್ರ ವಿಭಾಗದ ಮೊಲಗಳ ಪುಸ್ತಕದಲ್ಲಿ. ಆದ್ದರಿಂದ ನೂರ ಹನ್ನೊಂದನೇ ಪುಟದ ಮೊಲಗಳ ಕೆಳಗೆ ಗೆರೆ ಎಳೆದು ಮುಂದಿನ ಪುಟದಲ್ಲಿ ಬರೆದೆ: ನಕ್ಷತ್ರ, ಸಂಖ್ಯೆ 1ರಿಂದ 43. ವಯಸ್ಸು: ಎಳೆಯದು. ಮೇವು: ಅಗತ್ಯವಿಲ್ಲ. ಮರಿ ಹಾಕಿದ ವಿವರ: ಇಲ್ಲ. ಜನ್ಮದಿನಾಂಕದ ಕಲಮಿನಲ್ಲಿ, ನಿಖರ ಮಾಹಿತಿ ಇಲ್ಲದಿರುವಾಗ ಈ ನಾಡಿನ ವಾಡಿಕೆ ಏನಿದೆಯೋ ಅದರಂತೆ, ಜೂನ್ ಒಂದು ಎಂದು ಬರೆದೆ. ಇಸವಿ ಖಾಲಿ ಬಿಟ್ಟೆ, ಕಲಂ ಚಿಕ್ಕದಿತ್ತು.

ಶಾಲಿನಿ ಓದಿ ನಕ್ಕಳು. "ಸಹಿ ತಾನೆ ಸರ್, ಹಾಕಿಬುಡ್ತೀನಿ," ಎಂದು ಹಾಕಿದಳು. ಪುಸ್ತಕ ನೋಡಿ ನಗುವವರನ್ನು ನಾನು ಬಹಳ ಜನ ಕಂಡಿದ್ದೇನೆ.

ಮುಂದಿನ ವರ್ಷ ದಾಸ್ತಾನು ತಪಾಸಣೆಗೆ ಆಡಳಿತಾಧಿಕಾರಿ ಮಹಾಂತೇಶ್ ಸಾಹೇಬರು ಬಂದರು. ಶಾಲಿನಿ ಕಂಪ್ಯೂಟರಿನಲ್ಲಿ ಒಂದೊಂದೇ ನಕ್ಷತ್ರ ತೋರಿಸಿದಳು. ನಕ್ಷತ್ರ ಎಂದರೆ ಮಿನುಗುವ ಚುಕ್ಕಿಯಲ್ಲ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹಾಸಿದ ಪಟ್ಟಿ, ಅದರ ಮೇಲೆ ಅಲ್ಲಲ್ಲಿ ಗೆರೆ. ಅದಕ್ಕೆ ರೋಹಿತ ಎನ್ನುತ್ತಾರೆ. ಸಾಹೇಬರು ನಲವತ್ತಮೂರನ್ನೂ ಎಣಿಸಿ ಹುಬ್ಬು ಗಂಟಿಕ್ಕಿದರು.

"ಪಂಚಾಂಗದಲ್ಲಿ ಇರೋದೇ ಇಪ್ಪತ್ತೇಳು ನಕ್ಷತ್ರ. ಮಿಕ್ಕ ಹದಿನಾರು ಎಲ್ಲಿಂದ ಬಂತು?"

"ಹೆಚ್ಚುವರಿ ದಾಸ್ತಾನು ಎಂದು ತೋರಿಸಿದ್ದೇನೆ ಸರ್," ಎಂದೆ. ಅವರಿಗೆ ಸಮಾಧಾನವಾಯಿತು. ಪ್ರತಿ ರೋಹಿತದ ಪ್ರಿಂಟಿಗೂ ಕೇಂದ್ರದ ಮೊಹರು ಒತ್ತಿಸಿ, ಕಾಫಿ ಕುಡಿದು ಹೋದರು.

ಎರಡು ವರ್ಷ ಎಲ್ಲ ಕ್ಷೇಮವಾಗಿತ್ತು. 2007ರ ಮೇ ತಿಂಗಳಲ್ಲಿ ಶಾಲಿನಿ ಬೇಬಾಕಿ ಪತ್ರದ ಫಾರಂ ಹಿಡಿದು ಬಂದಳು. ಕೇಂದ್ರದ ಯಾವ ವಸ್ತುವೂ ತನ್ನ ಬಳಿ ಉಳಿದಿಲ್ಲ ಎಂದು ಉಗ್ರಾಣದ ಸಹಿ ಬಿದ್ದರೆ ಮಾತ್ರ ಮಹಾಪ್ರಬಂಧ ಸಲ್ಲಿಸಬಹುದು. ಅವಳ ಐದು ವರ್ಷದ ಅವಧಿ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅಂದು ಸಂಜೆ ಐದರೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು, ಐದು ವರ್ಷ ನೀರಿನಲ್ಲಿ ಹೋಮ.

"ಎಷ್ಟು ವಾಪಸ್ಸು?" ಎಂದೆ, ಪೆನ್ನು ತೆಗೆದು.

"ನಲವತ್ತಮೂರೂ ಸಿ.ಡಿ.ಯಲ್ಲಿ ಹಾಕಿದ್ದೀನಿ ಸರ್."

"ಸ್ಥಿತಿ?"

"ನಲವತ್ತೆರಡು ಎಳೆಯವು. ಮೂವತ್ತೊಂದನೇದು ಹಳೇದು."

ಪೆನ್ನು ಅಲ್ಲೇ ನಿಂತಿತು. ಈ ಆಟ ನನಗೆ ಹೊಸದಲ್ಲ. 1988ರಲ್ಲಿ ಸಸ್ಯಶಾಸ್ತ್ರದವರೊಬ್ಬರು ಹೊಸ ಫ್ಯಾನು ಪಡೆದುಕೊಂಡು ಹೋಗಿ, ತಮ್ಮ ಮಾವನ ಮನೆಯ ಗರಗರ ಎನ್ನುವ ಫ್ಯಾನು ತಂದು ಒಪ್ಪಿಸಿದ್ದರು. "ಎಳೇದು ತಗೊಂಡು ಹೋಗಿ ಹಳೇದು ವಾಪಸ್ ಕೊಡ್ತಾ ಇದೀಯಲ್ಲಮ್ಮ," ಎಂದೆ. "ಎಳೇದು ಎಲ್ಲಿ?"

"ಅಯ್ಯೋ, ಬದಲಾಯಿಸಿಲ್ಲ ಸರ್! ಅದು ಮೊದಲಿಂದಲೂ ಹಳೇದೇ. ಎಳೆಯ ನಕ್ಷತ್ರದ ಬೆಳಕಲ್ಲಿ ಲಿಥಿಯಂ ಅಂತ ಒಂದು ಧಾತುವಿನ ಗೆರೆ ಇರುತ್ತೆ. ಮಕ್ಕಳಿಗೆ ಹಾಲುಹಲ್ಲು ಇರುತ್ತಲ್ಲ, ಹಾಗೆ. ವಯಸ್ಸಾದಂತೆ ಆ ಲಿಥಿಯಂ ಒಳಗೇ ಉರಿದು ಹೋಗುತ್ತೆ. ಮೂವತ್ತೊಂದರಲ್ಲಿ ಆ ಗೆರೆಯೇ ಇಲ್ಲ. ಎಳೆಯವುಗಳ ಗುಂಪಲ್ಲಿ ಕೂತಿದೆ, ಅವುಗಳ ಥರವೇ ಕೆಂಪಗೆ ಹೊಳೆಯುತ್ತೆ, ಹಾಗಾಗಿ ಪ್ರಪಂಚದಲ್ಲಿ ಎಲ್ಲರೂ ಎಳೇದು ಅಂದ್ಕೊಂಡಿದ್ದರು. ಅಲ್ಲ ಅಂತ ಕಂಡುಹಿಡಿದಿದ್ದು ನಾನೇ ಮೊದಲು ಸರ್! ಐದನೇ ಅಧ್ಯಾಯ ಪೂರ್ತಿ ಅದೇ. ಅದೇ ನನ್ನ ಥೀಸಿಸ್ಸಿನ ಜೀವ."

ಅವಳ ಕಣ್ಣು ಹೊಳೆಯುತ್ತಿತ್ತು. ನಾನು ನೂರ ಹನ್ನೆರಡನೇ ಪುಟ ತೆಗೆದೆ.

"ಹಾಗಾದರೆ ನಮ್ಮ ಪುಸ್ತಕದಲ್ಲಿ ಬರೆದಿರೋದು?"

"ತಪ್ಪು ಸರ್. ತಿದ್ದಿದರಾಯ್ತು."

ಪಕ್ಕದ ಮೇಜಿನಲ್ಲಿ ಸಿದ್ದರಾಜು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ.

ಇಲ್ಲಿ ನನ್ನ ಸ್ವಂತ ವಿಷಯ ಒಂದಷ್ಟು ಹೇಳಬೇಕು. ನಮ್ಮವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು 1947ರಲ್ಲಿ, ದಸರಾ ಕಳೆದು ಎಂಟನೇ ದಿನ. ಮಠದ ಶಾಲೆಗೆ ಸೇರಿಸುವಾಗ ಮರಿಯಯ್ಯ ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳಿದರು. ಮುಟ್ಟಿದರೆ ಐದು ತುಂಬಿತು ಎಂದು ಲೆಕ್ಕ. ನನ್ನ ಕೈ ಕಿವಿಯನ್ನು ದಾಟಿ ಗಲ್ಲ ಮುಟ್ಟಿತು. ಏಳೂವರೆ ದಾಟಿತ್ತಲ್ಲ! ಮೇಷ್ಟ್ರು ಅದನ್ನು ನೋಡಿ, "ಐದು," ಎಂದು ಬರೆದುಕೊಂಡರು: ಜನ್ಮದಿನಾಂಕ ಜೂನ್ ಒಂದು, 1950. ಅಂದಿನಿಂದ ನಾನು ಅದೇ ದಿನ ಹುಟ್ಟಿದ್ದೇನೆ. ಸೇವಾ ಪುಸ್ತಕದ ಪ್ರಕಾರ ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು. ಅವ್ವನ ಪ್ರಕಾರ ನಾನು ಒಂದೂವರೆ ವರ್ಷದ ಹಿಂದೆಯೇ ಮನೆಗೆ ಹೋಗಬೇಕಿತ್ತು.

ಈಗ ಈ ಹುಡುಗಿ, ಚೀಟಿ ಇಲ್ಲದೆ, ಸಾಕ್ಷಿ ಇಲ್ಲದೆ, ಬರೀ ಮುಖದ ಬೆಳಕು ನೋಡಿ ವಯಸ್ಸು ಹೇಳಬಹುದು ಅನ್ನುತ್ತಾಳೆ. ಪುಸ್ತಕ ತಿದ್ದಬಹುದು ಅನ್ನುತ್ತಾಳೆ. ನನಗೆ ಭಯವಾಯಿತು. ಒಂದು ಎಳೆಯ ನಕ್ಷತ್ರದ ಕೊರತೆ ಕಂಡುಬಂದಿರುವುದರಿಂದ ವಿಚಾರಣಾ ಸಮಿತಿ ನೇಮಿಸುವುದು ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಫಾರಂಗೆ ಸಹಿ ಹಾಕಲಿಲ್ಲ.

ನಾಲ್ಕು ದಿನದ ಮೇಲೆ ವಸಂತಮ್ಮ ಬಂದರು. ಸೆರಗಿನಲ್ಲಿ ಒಂದು ಕಟ್ಟು ಚಿಗುರೆಲೆ ಇತ್ತು. ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು.

"ನಮ್ ಶಾಲಿನಿ ಐದ್ ವರ್ಸ ಕಣ್ ಕೆಡಿಸ್ಕೊಂಡವ್ಳೆ ಸ್ವಾಮಿ. ಒಂದ್ ಸೈನ್ ಆಕ್ಬುಡಿ."

"ಪುಸ್ತಕದಲ್ಲಿ ಎಳೇದು ಅಂತ ಇದೆ ಕಣಮ್ಮ. ಇವಳು ಹಳೇದು ಅಂತಾಳೆ."

"ಅಳೇದಾದ್ರೆ ಅಳೇದೇ ಅಲ್ವಾ? ನಾನು ಇಪ್ಪತ್ತೆರಡ್ ವರ್ಸದಿಂದ ಎಲೆ ಮಾರ್ತಿವ್ನಿ. ಚಿಗುರು ಯಾವ್ದು, ಬಲಿತಿದ್ದು ಯಾವ್ದು ಅಂತ ಗಿರಾಕಿ ಬೆರಳಲ್ಲಿ ಮುಟ್ಟಿ ಯೋಳ್ತಾನೆ. ಬುಟ್ಟಿ ಮ್ಯಾಲೆ ಚೀಟಿ ಅಂಟ್ಸಿರ್ತೀವಾ?"

"ಆಫೀಸು ಬುಟ್ಟಿ ಅಲ್ಲಮ್ಮ," ಎಂದು ಎದ್ದೆ. ಏಳುವಾಗ ಮೊಣಕಾಲು ಹಿಡಿದುಕೊಂಡು "ಶಿವಾ" ಎಂದೆ. ಅದು ಅಭ್ಯಾಸ.

ಆಯಮ್ಮ ನನ್ನನ್ನು ನೋಡಿದರು. "ತಮಗೆ ಏಟು ವಯಸ್ಸು ಸ್ವಾಮಿ?"

"ಐವತ್ತಾರು."

ಎಲೆ ತಿರುಗಿಸಿ ನೋಡುವವರ ಹಾಗೆ ನನ್ನ ಮುಖವನ್ನು ಈ ಕಡೆಯಿಂದ, ಆ ಕಡೆಯಿಂದ ನೋಡಿದರು. "ಅಂಗೇ ಇರ್ಲಿ ಬುಡಿ," ಎಂದು ಹೊರಟುಹೋದರು. ಎಲೆ ಕಟ್ಟನ್ನು ಉಗ್ರಾಣದ ನಿಯಮದಂತೆ ಒಳಬಂದ ವಸ್ತು ಎಂದು ನಮೂದಿಸಿ, ಮಧ್ಯಾಹ್ನ ಊಟವಾದ ಮೇಲೆ ಬಳಸಿ, ಬಳಕೆಯಾಯಿತು ಎಂದು ಷರಾ ಹಾಕಿದೆ.

ಸಮಿತಿಯ ಸಭೆಗೆ ಜೂನ್ ಒಂದು ನಿಗದಿಯಾಯಿತು. ಸಾಹೇಬರು, ನಾನು, ಮೂವರು ವಿಭಾಗದ ಮುಖ್ಯಸ್ಥರು, ಒಟ್ಟು ಐದು ಜನ. ಶಾಲಿನಿಯ ಮಾರ್ಗದರ್ಶಕರು ಅವರಲ್ಲಿ ಒಬ್ಬರು. ಪುಸ್ತಕದ ವಿಚಾರ ಆಫೀಸಿಗೆ ಬಿಟ್ಟದ್ದು ಎಂದು ಮೊದಲೇ ಹೇಳಿ ಅವರು ಕಿಟಕಿ ನೋಡುತ್ತಾ ಕೂತರು. ಮೇಜಿನ ಮೇಲೆ ದೊಡ್ಡ ಡಬ್ಬಿ ಮೈಸೂರುಪಾಕು ಇತ್ತು. ಅದು ಸಭೆಗೆ ತಂದದ್ದಲ್ಲ, ಪ್ರತಿ ಜೂನ್ ಒಂದಕ್ಕೂ ತರುತ್ತೇವೆ. ಅಂದು ಕೇಂದ್ರದ ಮೂವತ್ತೆಂಟು ಸಿಬ್ಬಂದಿಯಲ್ಲಿ ಇಪ್ಪತ್ತಾರು ಜನರ ಹುಟ್ಟುಹಬ್ಬ. ಸಮಿತಿಯ ಐವರೂ ಅದೇ ದಿನ ಹುಟ್ಟಿದವರು.

ಶಾಲಿನಿ ಎರಡು ಪ್ರಿಂಟು ತಂದು ಪಕ್ಕಪಕ್ಕದಲ್ಲಿಟ್ಟಳು. "ಇದು ಮೂವತ್ತು. ಇಲ್ಲಿ ಗೆರೆ ಇದೆ. ಇದು ಮೂವತ್ತೊಂದು. ಇಲ್ಲಿ ಇಲ್ಲ. ಕಣ್ಣಿರೋ ಯಾರಿಗಾದ್ರೂ ಕಾಣುತ್ತೆ ಸರ್."

ಐವರೂ ಬಗ್ಗಿ ನೋಡಿದೆವು. ಕಾಣುತ್ತಿತ್ತು.

"ಕಾಣುತ್ತೆ," ಎಂದರು ಸಾಹೇಬರು. "ಆದರೆ ಈ ಲಿಥಿಯಂ ಎಂಬೋದು ಸಕ್ಷಮ ಪ್ರಾಧಿಕಾರವೇ?"

"ಅದು ಧಾತು ಸರ್."

"ಅಂದರೆ ಅಲ್ಲ. ಬರೆದುಕೊಳ್ಳಿ."

"ಸರ್, ನಾವು ಏನು ಬರೆದ್ರೂ ಆ ನಕ್ಷತ್ರಕ್ಕೆ ಗೊತ್ತಾಗಲ್ಲ!"

"ಅದು ನಕ್ಷತ್ರದ ತಪ್ಪು ಕಣಮ್ಮ. ಗೊತ್ತು ಮಾಡಿಕೊಳ್ಳಬೇಕಿತ್ತು."

ಆಗ ಬಾಗಿಲ ಬಳಿ ನಡಾವಳಿ ಬರೆಯುತ್ತಿದ್ದ ಸಿದ್ದರಾಜು ಮೆಲ್ಲನೆ ಎದ್ದು ನಿಂತ. ಇದಕ್ಕಾಗಿಯೇ ಎಷ್ಟೋ ದಿನದಿಂದ ಕಾದಿದ್ದನೋ ಏನೋ. "ಒಂದ್ ಸಣ್ ಸಂದೇಹ ಸಾರ್. ಪುರಾವೆ ನೋಡಿ ಪುಸ್ತಕದಲ್ಲಿರೋ ವಯಸ್ಸು ತಿದ್ದಬಹುದು ಅಂತಾದ್ರೆ, ಅದು ಈ ನಕ್ಷತ್ರಕ್ ಮಾತ್ರಾನಾ, ಇಲ್ಲಾ ಎಲ್ರಿಗೂವಾ?" ಎಂದು ನನ್ನ ಕಡೆಗೆ ನೋಡಿದ.

ಮುಖ್ಯಸ್ಥರೊಬ್ಬರು ಬಣ್ಣ ಹಾಕಿದ ತಮ್ಮ ಮೀಸೆ ಮುಟ್ಟಿಕೊಂಡರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಸಿದ್ದರಾಜು, ನಿಮ್ಮದು ಯಾವ ತಾರೀಖು?"

"ನಂದೂ... ಜೂನ್ ಒಂದೇ ಸಾರ್."

"ಹಾಗಾದರೆ ಕೂತ್ಕೊಳ್ರಿ. ಸ್ವೀಟ್ ತಗೊಳ್ಳಿ."

ಸಿದ್ದರಾಜು ಕೂತ. ಎರಡು ತುಂಡು ತಗೊಂಡ. ಮುಂದಿನ ಕಲಾಪ ಐದು ನಿಮಿಷದಲ್ಲಿ ಮುಗಿಯಿತು. ನಿರ್ಣಯವನ್ನು ಅಂದೇ ಸೂಚನಾ ಫಲಕಕ್ಕೆ ಅಂಟಿಸಿದೆವು:

"ದಾಸ್ತಾನಿಗೆ ಸೇರಿದ ವಸ್ತುವಿನ ವಯಸ್ಸು ಸೇರ್ಪಡೆಯ ದಿನ ಏನಿತ್ತೋ ಅದೇ ಅಂತಿಮ. ಬೆಳಕು, ಬಣ್ಣ, ಗೆರೆ, ನರೆ, ಸುಕ್ಕು, ಹಲ್ಲು ಇತ್ಯಾದಿ ಬಾಹ್ಯ ಕಾರಣಗಳಿಂದ ಅದನ್ನು ಪ್ರಶ್ನಿಸತಕ್ಕದ್ದಲ್ಲ. ನಕ್ಷತ್ರ ಸಂಖ್ಯೆ 31 ಎಳೆಯದಾಗಿದ್ದು, ಮುಂದಿನ ಆದೇಶದವರೆಗೆ ಎಳೆಯದಾಗಿಯೇ ಇರತಕ್ಕದ್ದು. ಇದಕ್ಕೆ ವಿರುದ್ಧವಾದ ಹೇಳಿಕೆಯುಳ್ಳ ಮಹಾಪ್ರಬಂಧಕ್ಕೆ ಬೇಬಾಕಿ ಪತ್ರ ಕೊಡತಕ್ಕದ್ದಲ್ಲ."

ನರೆ, ಸುಕ್ಕು, ಹಲ್ಲು ಎಂಬ ಪದಗಳನ್ನು ಸೇರಿಸಿದವರು ಮೀಸೆಯ ಮುಖ್ಯಸ್ಥರು.

ಇಪ್ಪತ್ತೊಂಬತ್ತು ದಿನ ಶಾಲಿನಿ ಉಗ್ರಾಣದ ಕಡೆ ಬರಲಿಲ್ಲ. ಐದನೇ ಅಧ್ಯಾಯ ತೆಗೆಯುವುದಿಲ್ಲ, ನೋಂದಣಿ ಹೋದರೆ ಹೋಗಲಿ ಎನ್ನುತ್ತಿದ್ದಾಳೆ ಎಂದು ಕೇಳಿಬಂತು. ತಾಯಿ ಅಂಗಡಿಗೂ ಹೋಗದೆ ಕೂತಿದ್ದಾರೆ ಎಂದೂ ಕೇಳಿಬಂತು. ನಾನು ಫಾರಂ ತೆಗೆದು ಮೇಜಿನ ಮೇಲಿಟ್ಟುಕೊಂಡೇ ಇದ್ದೆ.

ಜೂನ್ ಮೂವತ್ತರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಬಂದಳು. ಪ್ರಬಂಧದ ಐದು ಪ್ರತಿ ಇಟ್ಟಳು. ತೂಕ ಕಡಿಮೆಯಾಗಿತ್ತು. ಪುಟ ತಿರುಗಿಸಿದೆ: ನಾಲ್ಕನೇ ಅಧ್ಯಾಯ ಆದ ಮೇಲೆ ಉಪಸಂಹಾರ. ಕೋಷ್ಟಕದಲ್ಲಿ ಮೂವತ್ತೊಂದರ ಎದುರಿಗೆ 'ಎಳೆಯದು' ಎಂದಿತ್ತು.

"ಅಮ್ಮ ಅಳ್ತಿದ್ರು ಸರ್," ಎಂದಳು, ಅಷ್ಟೇ.

ಸಹಿ ಹಾಕಿದೆ. ನಲವತ್ತಮೂರು ಎಳೆಯ ನಕ್ಷತ್ರ ಸುಸ್ಥಿತಿಯಲ್ಲಿ ಹಿಂತಿರುಗಿ ಬಂದವು ಎಂದು ಬರೆದು ಸಿ.ಡಿ.ಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದೆ. ಆಮೇಲೂ ಎಷ್ಟೋ ಸಲ ಎಳೆದು ನೋಡಿದ್ದೇನೆ, ಬೀರು ತೆಗೆಯದ ದಿನವೂ.

ಶಾಲಿನಿಗೆ ಪದವಿ ಬಂತು. ನಮ್ಮ ಕೇಂದ್ರದಲ್ಲೇ ಉಪನ್ಯಾಸಕಿಯಾದಳು. ನಾಳೆ ನಾನು ನಿವೃತ್ತನಾಗಬೇಕು ಎನ್ನುವ ಹೊತ್ತಿಗೆ ನಿವೃತ್ತಿಯ ವಯಸ್ಸನ್ನು ಅರವತ್ತಕ್ಕೆ ಏರಿಸಿದರು. ಸಿದ್ದರಾಜು ನನ್ನ ಆರೋಗ್ಯ ವಿಚಾರಿಸುವುದನ್ನು ಮುಂದುವರಿಸಿದ.

2008ರ ಡಿಸೆಂಬರಿನಲ್ಲಿ ಶಾಲಿನಿ ಕೆಲವು ಹಾಳೆ ಹಿಡಿದು ಬಂದಳು. ಹೊರದೇಶದ ನಾಲ್ಕು ಜನ ವಿಜ್ಞಾನಿಗಳು ಬರೆದ ಲೇಖನವಂತೆ. ಅದೇ ಬೆಳಕನ್ನು ಅದೇ ಜಾಗದಿಂದ ತೆಗೆದುಕೊಂಡು ನೋಡಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದಲ್ಲ. ಮೂವತ್ತೊಂದನೇ ನಕ್ಷತ್ರ ಹಳೆಯದು ಎಂದು ಪ್ರಪಂಚಕ್ಕೆ ಮೊದಲ ಬಾರಿಗೆ ತಿಳಿಸಿದ ಕೀರ್ತಿ ಆ ನಾಲ್ವರಿಗೆ ಹೋಗಿದೆ.

"ನನಗೆ ಯಾಕೆ ತೋರಿಸ್ತಾ ಇದೀಯಮ್ಮ?" ಎಂದೆ.

"ಹೊರಗಿನಿಂದ ಬಂದ ವಸ್ತು ಅಲ್ವಾ ಸರ್. ಎಂಟ್ರಿ ಮಾಡ್ಕೊಳ್ಳಿ."

ಮಾಡಿಕೊಂಡೆ. ಕಾಗದ, ಹನ್ನೆರಡು ಹಾಳೆ, ಸ್ಥಿತಿ ಉತ್ತಮ. ಕೆಳಗೆ ಸಹಿ ಹಾಕುವಾಗ ಅವಳು ನಗಲಿಲ್ಲ.

ವಿಷಯ ತಿಳಿದ ಸಾಹೇಬರು ಸುಮ್ಮನಿರಲಿಲ್ಲ. ನಮ್ಮ ದಾಸ್ತಾನಿನಲ್ಲಿರುವ ಮೂವತ್ತೊಂದನೇ ನಕ್ಷತ್ರ ಸಮಿತಿಯ ನಿರ್ಣಯದಂತೆ ಎಳೆಯದು, ತಮ್ಮಲ್ಲಿರುವುದು ಹಳೆಯದಾಗಿದ್ದರೆ ತಾವು ತಮ್ಮ ಉಗ್ರಾಣ ಪರಿಶೀಲಿಸಿಕೊಳ್ಳುವುದು ಎಂದು ಆ ಪತ್ರಿಕೆಗೆ ಇ-ಮೇಲು ಕಳಿಸಿದರು. ಎರಡೇ ನಿಮಿಷದಲ್ಲಿ 'ನಿಮ್ಮ ಪತ್ರ ತಲುಪಿದೆ, ವಂದನೆಗಳು' ಎಂದು ಉತ್ತರ ಬಂತು. ಅವರು ಒಪ್ಪಿಕೊಂಡಿದ್ದಾರೆ ಎಂದು ಷರಾ ಹಾಕಿ ಫೈಲು ಮುಚ್ಚಿದೆವು. ಅಂದಿನಿಂದ ಆ ನಕ್ಷತ್ರ ನಮ್ಮ ಗೇಟಿನ ಹೊರಗೆ ಹಳೆಯದು, ಒಳಗೆ ಎಳೆಯದು. ಇದರಿಂದ ಇದುವರೆಗೆ ಯಾರಿಗೂ ತೊಂದರೆಯಾಗಿಲ್ಲ.

2009ರ ಜೂನ್ ಒಂದರಂದು, ಮೈಸೂರುಪಾಕು ಹಂಚುವ ಹೊತ್ತಿಗೆ, ಶಾಲಿನಿ ತನ್ನ ಹೊಸ ಸಂಶೋಧನಾ ವಿದ್ಯಾರ್ಥಿನಿ ನಿಶ್ಚಿತಾಳನ್ನು ಉಗ್ರಾಣಕ್ಕೆ ಕರೆತಂದಳು. ಹದಿನಾರು ನಕ್ಷತ್ರ ಬಂದಿದ್ದವು. ನಾನು ಮೊಲದ ಪುಸ್ತಕ ತೆರೆದೆ. ಆ ಹುಡುಗಿ ಕಲಂ ನೋಡಿ ತಡೆದಳು.

"ವಯಸ್ಸು ಈಗ್ಲೇ ಹೇಗೆ ಬರೆಯೋದು ಮೇಡಂ? ರೋಹಿತ ನೋಡಿದ ಮೇಲೆ ತಾನೆ ಗೊತ್ತಾಗೋದು?"

ಶಾಲಿನಿ ನನ್ನ ಕಡೆ ನೋಡಲಿಲ್ಲ. ಡಬ್ಬಿಯಿಂದ ಒಂದು ತುಂಡು ಮೈಸೂರುಪಾಕು ತೆಗೆದು ಹುಡುಗಿಯ ಕೈಗಿಟ್ಟಳು.

"ಎಳೇದು ಅಂತ ಬರೆದುಬುಡಮ್ಮ," ಎಂದಳು. "ನೋಡಿದ ಮೇಲೂ ಅದೇ ಬರೀಬೇಕು."

ನಿಶ್ಚಿತಾ ನಕ್ಕು ಸಹಿ ಹಾಕಿದಳು. ನಾನು ಮೊಣಕಾಲು ಹಿಡಿದುಕೊಂಡು ಎದ್ದು ಬೀರುವಿನ ಬೀಗ ತೆಗೆದೆ. ಅಂದು ನನಗೆ ಐವತ್ತೊಂಬತ್ತು ತುಂಬಿತು.